ನವೋದಯ ಪರೀಕ್ಷೆಗೆ ಮನೆಯಲ್ಲೇ ತಯಾರಿ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ ಓದುತ್ತಿದ್ದಾಳೆ. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯಕ್ಕೆ 6ನೇ ತರಗತಿಯ ಪ್ರವೇಶ ಪರೀಕ್ಷೆ ಬರೆಸಬೇಕೆಂದಿದ್ದೇವೆ. ಕೋಚಿಂಗ್ ಇಲ್ಲದೆ ಸೀಟು ಸಿಗುವುದಿಲ್ಲ, ಪಕ್ಕದ ಜಿಲ್ಲೆಯ ಪಟ್ಟಣದಲ್ಲಿ ಹಾಸ್ಟೆಲ್‌ಗೆ ಹಾಕಿ, ಅಲ್ಲಿನ ಶಾಲೆಗೇ ಸೇರಿಸಿ ಎಂದು ನೆಂಟರು ಹೇಳುತ್ತಾರೆ. ನಾನು ಪಿಯುಸಿವರೆಗೆ ಓದಿದ್ದೇನೆ. ಮನೆಯಲ್ಲಿ ಹೇಳಿಕೊಡಲು ಸಾಧ್ಯವೇ? ಈ ಸಲ ಆಗದಿದ್ದರೆ ಮುಂದಿನ ವರ್ಷ ಮತ್ತೆ ಬರೆಸಬಹುದೇ?

ಉತ್ತರ: ಖಂಡಿತ ಸಾಧ್ಯ. ಆದರೆ ತಯಾರಿಯ ಮಾತಿಗೆ ಮೊದಲು, ನೆಂಟರ ಸಲಹೆಯಂತೆ ನಡೆದರೆ ಆಗುವ ನಷ್ಟವನ್ನು ಹೇಳಿಬಿಡುತ್ತೇನೆ. ಯಾವ ಜಿಲ್ಲೆಯ ನವೋದಯ ವಿದ್ಯಾಲಯಕ್ಕೆ ಅರ್ಜಿ ಹಾಕುತ್ತೀರೋ ಅದೇ ಜಿಲ್ಲೆಯ ಶಾಲೆಯಲ್ಲಿ ಮಗು 5ನೇ ತರಗತಿ ಓದುತ್ತಿರಬೇಕು ಎಂಬುದು ನಿಯಮ. ಅದಲ್ಲದೆ ಕನಿಷ್ಠ ಶೇ. 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲಾಗಿದ್ದು, 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲಿ ಓದಿದವರಿಗಷ್ಟೇ ಆ ಅವಕಾಶ ದೊರೆಯುತ್ತದೆ. ಈ ಅವಧಿಯಲ್ಲಿ ಒಂದೇ ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಮಗುವನ್ನು ನಗರದ ಅಭ್ಯರ್ಥಿಯೆಂದೇ ಪರಿಗಣಿಸುತ್ತಾರೆ. ಕೋಚಿಂಗ್‌ಗೆಂದು ಶಾಲೆ ಬದಲಿಸಿದರೆ ಕೈಯಲ್ಲಿರುವುದನ್ನೂ ಕಳೆದುಕೊಂಡಂತೆ.

ಪರೀಕ್ಷೆ 2 ಗಂಟೆಯದು. 80 ಪ್ರಶ್ನೆ, 100 ಅಂಕ. ಇದರಲ್ಲಿ ಅರ್ಧದಷ್ಟು, ಎಂದರೆ 40 ಪ್ರಶ್ನೆಗಳಿಗೆ 50 ಅಂಕ, ಮಾನಸಿಕ ಸಾಮರ್ಥ್ಯಕ್ಕೆ ಮೀಸಲು. ಹೆಸರು ಕೇಳಿ ಹೆದರುವ ಪೋಷಕರೇ ಹೆಚ್ಚು. ಅಲ್ಲಿರುವುದು ಚಿತ್ರಗಳು ಮಾತ್ರ: ಗುಂಪಿಗೆ ಸೇರದ ಚಿತ್ರ ಯಾವುದು, ಸಾಲಿನಲ್ಲಿ ಮುಂದೆ ಬರುವುದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಿಸಿ ತೂತು ಮಾಡಿದ ಕಾಗದ ಬಿಚ್ಚಿದಾಗ ಹೇಗಿರುತ್ತದೆ ಎಂಬಂಥವು. ಇವನ್ನು ಗೈಡ್‌ನಲ್ಲಿ ಉತ್ತರ ನೋಡಿ ಕಲಿಸಲು ಹೋದರೆ ಮಗುವಿಗೆ ಬಾಯಿಪಾಠವಾಗುತ್ತದೆಯೇ ಹೊರತು ಕಣ್ಣು ಪಳಗುವುದಿಲ್ಲ. ಚೌಕಾಕಾರದ ಹಾಳೆಯೊಂದನ್ನು ಎರಡು ಬಾರಿ ಮಡಿಸಿ, ಒಂದು ಮೂಲೆಯ ಬಳಿ ಕತ್ತರಿಯಿಂದ ಸಣ್ಣ ತೂತು ಮಾಡಿ, ಬಿಚ್ಚುವ ಮೊದಲೇ ತೂತುಗಳು ಎಲ್ಲೆಲ್ಲಿ ಬರುತ್ತವೆಂದು ಮಗಳಿಂದ ಇನ್ನೊಂದು ಹಾಳೆಯ ಮೇಲೆ ಬರೆಸಿ. ಆಮೇಲೆ ಬಿಚ್ಚಿ, ಪಕ್ಕದಲ್ಲಿಟ್ಟು, ಎಲ್ಲಿ ತಪ್ಪಿತೆಂದು ಅವಳೇ ಹೇಳಲಿ. ಹಳೆಯ ಲಗ್ನಪತ್ರಿಕೆಯಿಂದ ಚೌಕ, ತ್ರಿಕೋನ, ವೃತ್ತಗಳನ್ನು ಕತ್ತರಿಸಿ ತುಂಡು ಮಾಡಿ ಕೂಡಿಸಲು ಕೊಟ್ಟರೆ ಆಕೃತಿ ಪೂರ್ಣಗೊಳಿಸುವ ಪ್ರಶ್ನೆಗಳಿಗೂ ಅಭ್ಯಾಸವಾಗುತ್ತದೆ. ಇಂಥದ್ದಕ್ಕೆ ಪಿಯುಸಿ ಕೂಡ ಬೇಕಾಗಿಲ್ಲ.

ಅಂಕಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಅಳತೆಗಳು, ಸುತ್ತಳತೆ, ವಿಸ್ತೀರ್ಣ ಇವೇ ಮುಖ್ಯ. ಮಗ್ಗಿ ಗಟ್ಟಿಯಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ, ಮಾದರಿ ಪ್ರಶ್ನೆಪತ್ರಿಕೆ ಆಮೇಲೆ. ಭಾಷೆಗೂ ಅಷ್ಟೇ ಪ್ರಶ್ನೆ, ಅಷ್ಟೇ ಅಂಕ. ಗದ್ಯಭಾಗ ಓದಿ ಉತ್ತರಿಸಬೇಕು, ಕನ್ನಡದಲ್ಲೇ ಬರೆಯಬಹುದು. ದಿನಪತ್ರಿಕೆಯ ಒಂದು ಸಣ್ಣ ಬರಹವನ್ನು ದಿನವೂ ಮೌನವಾಗಿ ಓದಿಸಿ ನಾಲ್ಕೈದು ಪ್ರಶ್ನೆ ಕೇಳಿದರೆ ಸಾಕು.

ಜಾಣ ಮಕ್ಕಳು ಕೂಡ ಎಡವುವುದು ಓಎಂಆರ್ ಹಾಳೆಯಲ್ಲಿ, ಎಂದರೆ ಯಂತ್ರ ಓದುವ ಉತ್ತರ ಹಾಳೆಯಲ್ಲಿ. ಇಷ್ಟು ವರ್ಷ ಪೆನ್ಸಿಲ್‌ನಲ್ಲಿ ಬರೆದು ಅಳಿಸಿಕೊಂಡು ಬಂದ ಮಗು, ಇಲ್ಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಬೇಕು, ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವರು ಹಾಳೆಯಲ್ಲೂ ಆ ಸಾಲನ್ನು ಬಿಡಲು ಮರೆತರೆ ಅಲ್ಲಿಂದಾಚೆಗಿನ ಉತ್ತರಗಳೆಲ್ಲ ತಪ್ಪುತ್ತವೆ. ಆದ್ದರಿಂದ ಕೊನೆಯ ಎರಡು ತಿಂಗಳು, ಭಾನುವಾರಗಳಂದು ಗಡಿಯಾರವಿಟ್ಟು, ಓಎಂಆರ್ ಹಾಳೆಯ ಪ್ರತಿಯಲ್ಲೇ ಬರೆಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದೂ ಹೇಳಿಕೊಡಿ. ಉಳಿದ ದಿನಗಳಲ್ಲಿ ಒಂದು ಗಂಟೆಯ ಅಭ್ಯಾಸ ಸಾಕು. ಶಾಲೆ ತಪ್ಪಿಸಿ ಕೂರಿಸುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ. 6ನೇ ತರಗತಿಯ ಪ್ರವೇಶಕ್ಕೆ ಒಂದು ಮಗು ಒಂದೇ ಬಾರಿ ಪರೀಕ್ಷೆ ಬರೆಯಬಹುದು. 5ನೇ ತರಗತಿಯಲ್ಲೇ ಇನ್ನೊಂದು ವರ್ಷ ಉಳಿಸಿ ಬರೆಸಲು ನಿಯಮ ಒಪ್ಪುವುದಿಲ್ಲ. ಮುಂದೆ 9ನೇ ತರಗತಿಯಲ್ಲಿ ಖಾಲಿ ಉಳಿದ ಸೀಟುಗಳಿಗೆ ಬೇರೆ ಪರೀಕ್ಷೆ ನಡೆಯುತ್ತದೆ. ಈ ವರ್ಷವೇ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಅರ್ಜಿ ಹಾಕಿಡಿ. ಅಧಿಸೂಚನೆ ಯಾವಾಗ ಬರುತ್ತದೆಂದು ಮಗಳ ಶಾಲೆಯ ಮುಖ್ಯ ಶಿಕ್ಷಕರನ್ನು ವಿಚಾರಿಸುತ್ತಿರಿ.