ಹಳೆಯ ಕಾರಿನ ರಿಪೇರಿ ಖರ್ಚು ಯಾರ ತಲೆಗೆ?

ಪ್ರಶ್ನೆ: ಬಳ್ಳಾರಿಯ ಒಬ್ಬ ಆಟೋ ಕನ್ಸಲ್ಟೆಂಟರಿಂದ ಎಂಟು ವರ್ಷ ಹಳೆಯದಾದ ಡೀಸೆಲ್ ಕಾರೊಂದನ್ನು 4 ಲಕ್ಷ 30 ಸಾವಿರ ರೂಪಾಯಿಗೆ ಕೊಂಡೆ. ‘ಇಂಜಿನ್ ಚೊಕ್ಕ ಇದೆ, ಒಂದು ರೂಪಾಯಿ ಖರ್ಚು ಬರುವುದಿಲ್ಲ’ ಎಂದಿದ್ದರು. ತಿಂಗಳು ತುಂಬುವುದರೊಳಗೆ ಬ್ಯಾಟರಿ ಹೋಯಿತು, ಕ್ಲಚ್ ಸ್ಲಿಪ್ ಆಗತೊಡಗಿತು. ಕೊನೆಗೆ ಮಸ್ಕಿ ದಾಟುವಾಗ ಇಂಜಿನ್ ಕಾದು ಗಾಡಿ ನಿಂತೇಹೋಯಿತು. ಹೆಡ್ ಗ್ಯಾಸ್ಕೆಟ್ ಹೋಗಿದೆ, ಸೋರಿಕೆ ಮುಚ್ಚುವ ಪುಡಿಯನ್ನು ಯಾರೋ ಮೊದಲೇ ರೇಡಿಯೇಟರ್‌ಗೆ ಹಾಕಿದ್ದಾರೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಮಾರಿದವರು ‘ಗಾಡಿ ಗೇಟು ದಾಟಿದ ಮೇಲೆ ನಮಗೆ ಸಂಬಂಧವಿಲ್ಲ, ನಾವು ಬರೀ ಮಧ್ಯವರ್ತಿಗಳು’ ಎನ್ನುತ್ತಾರೆ. ಈ ಖರ್ಚು ಯಾರದು?
— ಸಿಂಧನೂರಿನ ಓದುಗರು

ಉತ್ತರ: ನೀವು ಮೂರು ಕೆಡುಕುಗಳನ್ನು ಒಂದೇ ಲೆಕ್ಕದಲ್ಲಿ ಬರೆದಿದ್ದೀರಿ, ಅವುಗಳನ್ನು ಬೇರೆಬೇರೆಯಾಗಿ ನೋಡದಿದ್ದರೆ ನ್ಯಾಯವಾಗಿ ಬರಬೇಕಾದದ್ದೂ ನಿಮ್ಮ ಕೈತಪ್ಪಬಹುದು. ಬ್ಯಾಟರಿಯ ಖರ್ಚು ನಿಮ್ಮದೇ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುವ ಬ್ಯಾಟರಿ, ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ರಾಯಚೂರು, ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅಷ್ಟೂ ಬಾಳದಿರುವುದುಂಟು. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್, ವೈಪರ್, ಬೆಲ್ಟ್‌ಗಳ ಮಾತೂ ಇದೇ. ಇವು ಸವೆಯುವುದಕ್ಕೆಂದೇ ಇರುವ ಭಾಗಗಳು, ಎಂಟು ವರ್ಷದ ಗಾಡಿಗೆ ನೀವು ಕೊಟ್ಟ ಕಡಿಮೆ ಬೆಲೆಯಲ್ಲೇ ಆ ಸವೆತದ ಲೆಕ್ಕವೂ ಸೇರಿದೆ ಎಂದು ಯಾವ ಗ್ರಾಹಕ ಆಯೋಗವಾದರೂ ಹೇಳಬಹುದು. ಅಲ್ಲದೆ ಕ್ಲಚ್ ಸ್ಲಿಪ್ ಆಗುವುದು ಟೆಸ್ಟ್ ಡ್ರೈವ್‌ನಲ್ಲೇ ತಿಳಿಯುವಂಥದ್ದು: ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಏರಿ, ವೇಗ ಏರದಿದ್ದರೆ ಕ್ಲಚ್ ಮುಗಿಯುತ್ತ ಬಂದಿದೆ ಎಂದೇ ಅರ್ಥ.

ಈ ಕೊನೆಯ ಮಾತಿಗೆ ಕಾನೂನಿನಲ್ಲೂ ತೂಕವಿದೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಂ ಕೊಳ್ಳುವವನೇ ಎಚ್ಚರದಿಂದಿರಬೇಕು ಎಂಬ ಸಾಮಾನ್ಯ ನಿಯಮದಿಂದ ಆರಂಭವಾದರೂ, ಅಂಥ ಸರಕನ್ನೇ ಮಾರುವ ವ್ಯಾಪಾರಿಯು ಇಂಥದ್ದು ಎಂದು ವರ್ಣಿಸಿ ಮಾರಿದಾಗ ಸರಕು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು ಎಂಬ ಷರತ್ತು, ಬರೆಯದಿದ್ದರೂ, ವ್ಯವಹಾರದಲ್ಲಿ ಸೇರಿರುತ್ತದೆ ಎನ್ನುತ್ತದೆ. ಅದಕ್ಕೊಂದು ವಿನಾಯಿತಿ ಉಂಟು. ಕೊಂಡವರು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ಇಲ್ಲ. ಆದ್ದರಿಂದ ‘ಯಾವ ಪಾರ್ಟು ಹೋಯಿತು’ ಎಂಬುದಕ್ಕಿಂತ ‘ಕೊಳ್ಳುವಾಗ ಸಾಮಾನ್ಯ ಎಚ್ಚರದಿಂದ ನೋಡಿದವರಿಗೆ ಆ ದೋಷ ಕಾಣುತ್ತಿತ್ತೇ, ಕಾಣದಂತೆ ಯಾರಾದರೂ ಮುಚ್ಚಿದ್ದರೇ’ ಎಂಬುದೇ ಮುಖ್ಯವಾಗುತ್ತದೆ.

ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ನಿಮ್ಮ ಕೈ ಬಲವಾಗಿರುವುದು ಇದೇ ಕಾರಣಕ್ಕೆ. ಸಿಲಿಂಡರ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಇರುವ ಈ ಗ್ಯಾಸ್ಕೆಟ್ ಸುಸ್ಥಿತಿಯ ಗಾಡಿಯಲ್ಲಿ ಏಕಾಏಕಿ ಹೋಗುವುದು ಅಪರೂಪ. ಇಂಜಿನ್ ಮತ್ತೆ ಮತ್ತೆ ಅತಿಯಾಗಿ ಕಾದಾಗ ಹೆಡ್ ಸೊಟ್ಟಗಾಗಿ ಅದು ಬಿಟ್ಟುಕೊಳ್ಳುತ್ತದೆ. ಕೂಲಂಟ್ ಬದಲು ಬೋರ್‌ವೆಲ್ ನೀರನ್ನೇ ತುಂಬಿ ಓಡಿಸಿದ ಗಾಡಿಗಳಲ್ಲಿ ಗಡಸು ನೀರಿನ ಉಪ್ಪು ಕಟ್ಟಿಕೊಂಡು, ತುಕ್ಕು ಹಿಡಿದು, ರೇಡಿಯೇಟರ್ ಮುಚ್ಚಿಹೋಗುವುದು ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಹೊಸ ಸಂಗತಿಯೇನಲ್ಲ. ಸೋರಿಕೆ ಮುಚ್ಚುವ ಪುಡಿ ಹಾಕಿದರೆ ಕೆಲವು ದಿನ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ, ಬಳಿಕ ದೋಷ ಹೊರಬೀಳುತ್ತದೆ. ಆ ಪುಡಿಯ ಅಂಶ ರೇಡಿಯೇಟರ್‌ನಲ್ಲಿ ಸಿಕ್ಕಿದ್ದರೆ, ದೋಷ ಮಾರಾಟಕ್ಕೆ ಮೊದಲೇ ಇತ್ತು ಎನ್ನಲು ಅದು ಗಟ್ಟಿಯಾದ ಆಧಾರ. ಮಾರಿದವರಿಗೆ ಅದು ಗೊತ್ತಿರಲಿಲ್ಲ ಎಂದೇ ಇಟ್ಟುಕೊಂಡರೂ 16ನೆಯ ಕಲಮಿನ ಹೊಣೆ ತಪ್ಪುವುದಿಲ್ಲ. ಗೊತ್ತಿದ್ದು ‘ಇಂಜಿನ್ ಚೊಕ್ಕ ಇದೆ’ ಎಂದಿದ್ದರೆ 1872ರ ಕರಾರು ಕಾಯ್ದೆಯ 17ನೆಯ ಕಲಂ ಪ್ರಕಾರ ಅದು ವಂಚನೆ. ‘ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ’ ಎಂಬ ಕಾಗದಕ್ಕೆ ನೀವು ಸಹಿ ಹಾಕಿದ್ದರೆ ಮೊದಲನೆಯ ವಾದ ಸ್ವಲ್ಪ ದುರ್ಬಲವಾಗುತ್ತದೆ, ಎರಡನೆಯದಕ್ಕೆ ಆ ಸಹಿ ಅಡ್ಡ ಬರುವುದಿಲ್ಲ.

‘ನಾವು ಮಧ್ಯವರ್ತಿಗಳು’ ಎಂಬ ಮಾತನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮೊದಲ ಮಾಲೀಕರಿಂದ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿಸಿಟ್ಟುಕೊಂಡು, ಗಾಡಿಯನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿ, ಲಾಭ ಇಟ್ಟು ಮಾರಿ, ತಕರಾರು ಬಂದಾಗ ಮಾತ್ರ ದಲ್ಲಾಳಿಯಾಗುವುದು ಈ ವ್ಯಾಪಾರದ ಹಳೆಯ ಚಾಳಿ. ಅದನ್ನು ತಡೆಯಲೆಂದೇ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು, ನೋಂದಾಯಿತ, ಅಂದರೆ ಈಗಾಗಲೇ ಬಳಸಿದ, ವಾಹನಗಳ ಡೀಲರುಗಳು ಸಾರಿಗೆ ಪ್ರಾಧಿಕಾರದ ಅಧಿಕಾರ ಪತ್ರ ಪಡೆಯಬೇಕು ಎಂದು ವಿಧಿಸಿದೆ. ಗಾಡಿ ಡೀಲರ್ ಕೈಗೆ ಬಂದ ಮಾಹಿತಿಯನ್ನು ಸರ್ಕಾರದ ಪೋರ್ಟಲ್‌ನಲ್ಲಿ ಸಲ್ಲಿಸಿದ ಮೇಲೆ ಆ ಡೀಲರನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ನಿಮ್ಮ ಹಣ ಯಾರ ಖಾತೆಗೆ ಹೋಗಿದೆ ಎಂದು ನೋಡಿಕೊಳ್ಳಿ. ಮೊದಲ ಮಾಲೀಕರ ಖಾತೆಗಲ್ಲದೆ ಕನ್ಸಲ್ಟೆಂಟರ ಖಾತೆಗೆ ಹೋಗಿದ್ದರೆ, ಮಾರಿದವರು ಯಾರು ಎಂಬ ಪ್ರಶ್ನೆಗೆ ಬ್ಯಾಂಕಿನ ಕಾಗದವೇ ಉತ್ತರ ಹೇಳುತ್ತದೆ.

ಈಗ ಮಾಡಬೇಕಾದ ಕೆಲಸ. ಇಂಜಿನ್ ಬಿಚ್ಚಿ ಸರಿಮಾಡಿಸುವ ಮೊದಲು ಮಾರಿದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು, ಬಂದು ನೋಡಲು ದಿನ ಕೊಡಿ. ಬಿಚ್ಚುವಾಗ ಫೋಟೋ, ವಿಡಿಯೊ ತೆಗೆಸಿ, ಹಳೆಯ ಗ್ಯಾಸ್ಕೆಟ್ಟನ್ನೂ ರೇಡಿಯೇಟರ್‌ನಿಂದ ತೆಗೆದ ಕೆಸರನ್ನೂ ಎಸೆಯದೆ ಇಟ್ಟುಕೊಂಡು, ಕಾರಣ ಬರೆದ ವರದಿಯನ್ನು ಮೆಕ್ಯಾನಿಕ್‌ನ ಸಹಿ, ಮೊಹರಿನೊಂದಿಗೆ ಪಡೆಯಿರಿ. ಸಾಧ್ಯವಾದರೆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಿಂದಲೂ ಒಂದು ಪಡೆಯಿರಿ. ಅನೇಕ ದೂರುಗಳು ಬೀಳುವುದು ಕಾನೂನಿನ ಕೊರತೆಯಿಂದಲ್ಲ, ರಿಪೇರಿ ಮುಗಿದ ಮೇಲೆ ಸಾಕ್ಷ್ಯವೇ ಉಳಿದಿರದ ಕಾರಣದಿಂದ. ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದಾದ್ದರಿಂದ ಬಳ್ಳಾರಿಗೆ ಅಲೆಯಬೇಕಿಲ್ಲ, ರಾಯಚೂರು ಸಾಕು. ಸರಕಿಗೆ ಕೊಟ್ಟ ಹಣ 5 ಲಕ್ಷದೊಳಗಿರುವುದರಿಂದ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಮ್ಮೆ ಹೇಳಿ ನೋಡಿ. ಕಾರನ್ನೇ ಹಿಂದಿರುಗಿಸುತ್ತೇನೆ ಎಂದು ಹಟ ಹಿಡಿಯಬೇಡಿ. ಒಪ್ಪಿಕೊಂಡು ಓಡಿಸಿದ ಸರಕಿಗೆ ಸಾಮಾನ್ಯವಾಗಿ ಸಿಗುವುದು ನಷ್ಟ ಪರಿಹಾರ. ಇಂಜಿನ್ ರಿಪೇರಿಯ ಬಿಲ್ಲು ಮತ್ತು ಗಾಡಿ ಎಳೆಸಿದ ಖರ್ಚು, ಇಷ್ಟನ್ನೇ ಕೇಳಿ. ಬ್ಯಾಟರಿಯನ್ನೂ ಕ್ಲಚ್ಚನ್ನೂ ಸೇರಿಸಿದರೆ ನಿಮ್ಮ ದೂರಿನ ಮೇಲಿನ ನಂಬಿಕೆ ತಗ್ಗುತ್ತದೆ.

ಪ್ರಶ್ನೆ: ನಾನು ಕೊಪ್ಪಳದಲ್ಲಿ ಶಿಕ್ಷಕ. ನನ್ನ ಕಾರನ್ನು ಪರಿಚಯದವರೊಬ್ಬರಿಗೆ ಮಾರಿ ಎರಡು ತಿಂಗಳಾಯಿತು. ಈಗ ಎ.ಸಿ. ಕಂಪ್ರೆಸರ್ ಹೋಗಿದೆಯಂತೆ, ಅರ್ಧ ಖರ್ಚು ಕೊಡಿ ಎಂದು ಮನೆಗೆ ಬರುತ್ತಿದ್ದಾರೆ. ಕೊಡಬೇಕೇ?

ಉತ್ತರ: ಕಾನೂನಿನ ಪ್ರಕಾರ ಬೇಕಿಲ್ಲ. ಮೇಲೆ ಹೇಳಿದ ಗುಣಮಟ್ಟದ ಷರತ್ತು ಕಾರುಗಳ ವ್ಯಾಪಾರ ಮಾಡುವವರಿಗೆ ಅನ್ವಯಿಸುತ್ತದೆಯೇ ಹೊರತು, ತಮ್ಮ ಸ್ವಂತ ಗಾಡಿಯನ್ನು ಒಮ್ಮೆ ಮಾರಿದವರಿಗಲ್ಲ. ದೋಷದ ಬಗ್ಗೆ ಸುಮ್ಮನಿರುವುದು ಮಾತ್ರದಿಂದಲೇ ವಂಚನೆ ಆಗುವುದಿಲ್ಲ; ಆದರೆ ಗ್ಯಾಸ್ ಪದೇಪದೇ ಸೋರುತ್ತಿದ್ದುದು ನಿಮಗೆ ಗೊತ್ತಿದ್ದು, ಅವರು ಕೇಳಿದಾಗ ‘ಎ.ಸಿ. ಸರಿಯಿದೆ’ ಎಂದಿದ್ದರೆ ಮಾತು ಬದಲಾಗುತ್ತದೆ. ಹಾಗೇನೂ ಇಲ್ಲದಿದ್ದರೆ, ಪರಿಚಯ ಉಳಿಸಿಕೊಳ್ಳಲು ಏನಾದರೂ ಕೊಡುವುದು ನಿಮ್ಮ ಇಷ್ಟ. ಕೊಡುವುದಾದರೆ ‘ಇದು ಸೌಜನ್ಯಕ್ಕೆ, ಹೊಣೆಯೆಂದಲ್ಲ’ ಎಂದು ಎರಡು ಸಾಲು ಬರೆದು ಸಹಿ ಮಾಡಿಸಿಕೊಳ್ಳಿ.

ಕಂಪ್ರೆಸರ್‌ಗಿಂತ ನನಗೆ ಹೆಚ್ಚು ಆತಂಕ ತಂದದ್ದು ನೀವು ಕಳಿಸಿದ ಆರ್.ಸಿ. ಪ್ರತಿ. ಅದರಲ್ಲಿ ಇನ್ನೂ ನಿಮ್ಮ ಹೆಸರೇ ಇದೆ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಂ ಪ್ರಕಾರ, ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅರ್ಧ ಕಂಪ್ರೆಸರ್ ಬೆಲೆಯ ಜಗಳ ಮುಗಿಯುವ ತನಕ ಹೆಸರು ಬದಲಾವಣೆಯನ್ನು ಮುಂದೂಡಬೇಡಿ. ಮುಂದಿನ ಭೇಟಿಯಲ್ಲೇ ಅವರನ್ನು ಕರೆದುಕೊಂಡು ಹೋಗಿ ಆ ಕೆಲಸ ಮುಗಿಸಿ.

ಪ್ರಶ್ನೆ: ಗಂಗಾವತಿಯಲ್ಲಿ ನಾನೇ ಕಾರು ಓಡಿಸಿ ಜೀವನ ಮಾಡುತ್ತೇನೆ. ದೊಡ್ಡ ಮಳಿಗೆಯೊಂದರಿಂದ ಆರು ತಿಂಗಳ ವಾರಂಟಿಯೊಂದಿಗೆ ಹಳೆಯ ಕಾರು ಕೊಂಡು ಹಳದಿ ಬೋರ್ಡ್ ಮಾಡಿಸಿದೆ. ಮೂರನೆಯ ತಿಂಗಳಲ್ಲಿ ಗೇರ್ ಬಾಕ್ಸ್ ಕೆಟ್ಟಿದೆ. ಬಾಡಿಗೆಗೆ ಓಡಿಸುವವರು ಗ್ರಾಹಕರೇ ಅಲ್ಲ ಎಂದು ಕಳಿಸಿಬಿಟ್ಟರು.

ಉತ್ತರ: ಅದು ತಪ್ಪು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದು ನಿಜವಾದರೂ, ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು, ತಾವೇ ಬಳಸಿದ ಸರಕು ಆ ಮಾತಿನೊಳಗೆ ಬರುವುದಿಲ್ಲ ಎಂಬ ವಿವರಣೆಯೂ ಅದೇ 2(7)ನೆಯ ಕಲಮಿನಲ್ಲಿದೆ. ಆದರೆ ಗ್ರಾಹಕರಾಗಿರುವುದು ಬೇರೆ, ವಾರಂಟಿ ಸಿಗುವುದು ಬೇರೆ. ಇಂಥ ವಾರಂಟಿಗಳು ಇಂಜಿನ್, ಗೇರ್ ಬಾಕ್ಸ್‌ಗಳನ್ನು ಸಾಮಾನ್ಯವಾಗಿ ಒಳಗೊಂಡರೂ, ಬಾಡಿಗೆಗೆ ಓಡಿಸಿದರೆ ರದ್ದಾಗುತ್ತದೆ ಎಂಬ ಷರತ್ತು ಹಲವುಗಳಲ್ಲಿರುತ್ತದೆ. ನಿಮ್ಮ ವಾರಂಟಿ ಪತ್ರದಲ್ಲಿ ಆ ಷರತ್ತು ಇದೆಯೇ, ಇದ್ದರೆ ನೀವು ಹಳದಿ ಬೋರ್ಡ್ ಮಾಡಿಸುವುದು ಮಳಿಗೆಯವರಿಗೆ ಮಾರುವಾಗಲೇ ತಿಳಿದಿತ್ತೇ ಎಂಬುದರ ಮೇಲೆ ನಿಮ್ಮ ದೂರು ನಿಲ್ಲುತ್ತದೆ. ಅವರ ಸಿಬ್ಬಂದಿಯೊಂದಿಗೆ ಈ ಬಗ್ಗೆ ನಡೆದ ವಾಟ್ಸ್‌ಆಪ್ ಸಂದೇಶಗಳಿದ್ದರೆ ಅಳಿಸಬೇಡಿ, ವಾರಂಟಿ ಪತ್ರದ ಎಲ್ಲ ಪುಟಗಳ ಪ್ರತಿಯೊಂದಿಗೆ ಅವನ್ನೂ ದೂರಿಗೆ ಲಗತ್ತಿಸಿ.