ಹೊರದೇಶದ ಸೇವೆಗೆ ಎರಡು ದಾರಿ: ಒಂದು ಆಪ್ತಸಲಹೆ ಪ್ರಕರಣ

ಕೋಲಾರ ತಾಲ್ಲೂಕಿನ ಈ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಗಂಡ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ನೌಕರ. ಹೆಂಡತಿ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ಶಾಲೆಗೆ ಹೋಗುವ ಮಗ ಮತ್ತು ಗಂಡನ ವಯಸ್ಸಾದ ತಾಯಿ ಇದ್ದಾರೆ. ಕುಡಿತದಿಂದ ಹೊರಬಂದ ಮೇಲೆ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಸಾಕ್ಷಿ ಹೇಳಲು, ಅಂದರೆ ದೇವರು ತನ್ನನ್ನು ಬದಲಿಸಿದ ಬಗೆಯನ್ನು ಎಲ್ಲರ ಮುಂದೆ ಹೇಳಲು, ಆರಂಭಿಸಿದ್ದ ಗಂಡನಿಗೆ, ಉಪವಾಸ ಪ್ರಾರ್ಥನೆಯ ಕೂಟವೊಂದರಲ್ಲಿ, ಪೂರ್ವ ಆಫ್ರಿಕಾಕ್ಕೆ ಸುವಾರ್ತಾ ಸೇವೆಗೆ (ಕ್ರಿಸ್ತನ ಸಂದೇಶ ಸಾರಲು) ಹೋಗಬೇಕೆಂಬ ದೇವರ ಕರೆ ಬಂದಿತ್ತು. ಎರಡು ಲಕ್ಷ ರೂಪಾಯಿ ಕೊಟ್ಟರೆ ಪ್ರವಾಸಿ ವೀಸಾದಲ್ಲಿ ಕಳುಹಿಸುತ್ತೇನೆಂದು ಮಧ್ಯವರ್ತಿಯೊಬ್ಬರು ಹೇಳಿದ್ದರಿಂದ, ಮಾಲೂರಿನಲ್ಲಿದ್ದ ಸೈಟನ್ನು ಮಾರಲು ಅವರು ಸಿದ್ಧರಾಗಿದ್ದರು.

ಹೋಗುವುದಾದರೆ ಅಲ್ಲಿ ತನಗೆ ನರ್ಸ್ ಕೆಲಸ ಖಚಿತವಾದ ಮೇಲೆ ಹೋಗೋಣ ಎಂದು ಹೆಂಡತಿ ಹಟ ಹಿಡಿದಿದ್ದರು. “ಇವಳಿಗೆ ಸಂಬಳದ್ದೇ ಯೋಚನೆ ಮೇಡಂ, ಆತ್ಮಗಳ ಭಾರ ಇಲ್ಲ,” ಎಂದು ಗಂಡ ಮೊದಲ ಭೇಟಿಯಲ್ಲಿ ಹೇಳಿದಾಗ ಆಕೆ ತಲೆ ತಗ್ಗಿಸಿ ಸುಮ್ಮನಿದ್ದರು.

ಆಕೆಯೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದಾಗ ಬೇರೆಯೇ ಸಂಗತಿ ತಿಳಿಯಿತು. ಆಕೆಯ ಅಜ್ಜಿ ಮಿಷನ್ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವರು. ರಜೆಯಲ್ಲಿ ಅಜ್ಜಿಯೊಡನೆ ವಾರ್ಡಿಗೆ ಹೋಗುತ್ತಿದ್ದ ಹುಡುಗಿ, ಡಾಕ್ಟರೇ ಇಲ್ಲದ ದೂರದ ದೇಶದಲ್ಲಿ ತಾನೂ ಇಂಥದೇ ಕೆಲಸ ಮಾಡಬೇಕೆಂದು ಆಗಲೇ ನಿಶ್ಚಯಿಸಿದ್ದಳು. ನರ್ಸಿಂಗ್ ಓದಿದ್ದೂ ಅದಕ್ಕಾಗಿಯೇ. “ನಾನು ಯಾವ ಕೂಟದಲ್ಲೂ ಎದ್ದುನಿಂತು ಹೇಳಲಿಲ್ಲ. ಹೇಳದೆ ಇದ್ದರೆ ಅದು ಕರೆ ಅಲ್ಲವಾ ಮೇಡಂ?” ಎಂದು ಕೇಳಿದರು.

ಯಾರ ಕರೆ ದೇವರದು, ಯಾರದು ಅಲ್ಲ ಎಂದು ತೀರ್ಪು ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ಒಂದು ದಿನದಲ್ಲಿ, ಕಣ್ಣೀರಿನೊಡನೆ ಬಂದದ್ದಕ್ಕೆ ಮಾತ್ರ ಕರೆಯೆಂಬ ಹೆಸರು ಕೊಟ್ಟು, ಇಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆದದ್ದನ್ನು ಹೊಟ್ಟೆಪಾಡೆಂದು ತಳ್ಳಿಹಾಕುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಭಾರತದಲ್ಲಿದ್ದ ಅಮೆರಿಕದ ಮಿಷನರಿ ಮನೆತನದಲ್ಲಿ ಹುಟ್ಟಿದ್ದ ಐಡಾ ಸ್ಕಡರ್ ಈ ದಾರಿಯೇ ಬೇಡವೆಂದಿದ್ದವರು. ಒಂದೇ ರಾತ್ರಿ ಮೂವರು ಹೆಂಗಸರು ವೈದ್ಯೆಯಿಲ್ಲದೆ ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಕಂಡು, ಅಮೆರಿಕದಲ್ಲಿ ವೈದ್ಯಕೀಯ ಓದಿ, 1900ರಲ್ಲಿ ಮರಳಿ ಬಂದು ವೆಲ್ಲೂರಿನಲ್ಲಿ ಆಸ್ಪತ್ರೆ ಕಟ್ಟಿದರು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಯಂತೂ, ಯೆಹೂದ್ಯರು ರೋಮ್ ಬಿಡಬೇಕೆಂಬ ಚಕ್ರವರ್ತಿಯ ಆಜ್ಞೆಯಿಂದಾಗಿ ಕೊರಿಂಥಕ್ಕೆ ಬಂದು, ಗುಡಾರ ಮಾಡುವ ಕಸುಬಿನಿಂದ ಬದುಕುತ್ತಲೇ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲನ ಜೊತೆಗಾರರಾದರು. ಆಕೆಯ ಅನುಮತಿ ಪಡೆದು ಜಂಟಿ ಭೇಟಿಯಲ್ಲಿ ಆಕೆಯ ಬಾಲ್ಯದ ನಿಶ್ಚಯದ ಮಾತನ್ನೆತ್ತಿದಾಗ ಗಂಡ ಬಹಳ ಹೊತ್ತು ಮೌನವಾಗಿದ್ದು, “ನನಗೆ ಯಾಕೆ ಹೇಳಲಿಲ್ಲ?” ಎಂದು ಹೆಂಡತಿಯನ್ನೇ ಕೇಳಿದರು. “ನೀವು ಕುಡಿಯುತ್ತಿದ್ದ ದಿನಗಳಲ್ಲಿ ಯಾರಿಗೆ ಹೇಳಲಿ?” ಎಂಬುದು ಆಕೆಯ ಉತ್ತರವಾಗಿತ್ತು.

ಹೆಂಡತಿ ಬರದಿದ್ದರೆ ಒಬ್ಬನೇ ಹೋಗುತ್ತೇನೆಂದು ಅವರು ಹಿಂದೆ ಹೇಳಿದ್ದರಿಂದ, ಬಂಗಾಳದಲ್ಲಿ ಬೈಬಲ್ ಅನುವಾದಿಸಿದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯ ಹೆಂಡತಿ ಡೊರೊಥಿಯ ಕಥೆಯನ್ನು ಬಿಡಿಸಿ ಹೇಳಿದೆ. 1793ರಲ್ಲಿ ಕೇರಿ ಭಾರತಕ್ಕೆ ಹೊರಟಾಗ ಆಕೆ ಮೊದಲು ಒಪ್ಪಿರಲಿಲ್ಲ. ಹಡಗು ತಡವಾದ್ದರಿಂದ ಮತ್ತೆ ಬಂದು ಕೇಳಿದಾಗ, ತಂಗಿಯೂ ಜೊತೆಗೆ ಬರುವುದಾದರೆ ಮಾತ್ರ ಎಂದು ಒಪ್ಪಿದರು. ಮರುವರ್ಷವೇ ಬಂಗಾಳದಲ್ಲಿ ಮಗ ಪೀಟರ್ ತೀರಿಕೊಂಡ. ಆಮೇಲೆ ಮಾನಸಿಕ ಕಾಯಿಲೆಗೆ ತುತ್ತಾದ ಆಕೆ ಗುಣಹೊಂದದೆಯೇ 1807ರಲ್ಲಿ ನಿಧನರಾದರು. ಕೇರಿಯ ಭಾಷಾಸೇವೆಯನ್ನು ಗೌರವದಿಂದ ನೆನೆಯುವ ನಮ್ಮ ಸಭೆಗಳಲ್ಲಿ ಆಕೆಯ ಹೆಸರು ಅಪರೂಪಕ್ಕೂ ಕೇಳಿಬರುವುದಿಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಮುಂದಿನ ಭೇಟಿಗಳಲ್ಲಿ ಕೊಟ್ಟ ಸಲಹೆಗಳಲ್ಲಿ ಹೆಚ್ಚು ಸಮಯ ಹಿಡಿದದ್ದು ಗಂಡನ ಕುಡಿತದ ವಿಷಯ. ಬಿಟ್ಟು ಒಂದೂವರೆ ವರ್ಷವಷ್ಟೇ ಆಗಿತ್ತು. ಬಿಡುಗಡೆ ಹೊಂದಿದವನಿಗೆ ಆ ಕೃತಜ್ಞತೆಯನ್ನು ಲೋಕಕ್ಕೆಲ್ಲ ಸಾರಬೇಕೆನಿಸುವುದು ಸಹಜ, ಅದು ಒಳ್ಳೆಯ ಮನಸ್ಸೇ. ಆದರೆ ಅವರನ್ನು ಇಲ್ಲಿಯವರೆಗೆ ಹಿಡಿದು ನಿಲ್ಲಿಸಿರುವುದು ವಾರದ ಕೂಟ, ಸಂಜೆ ಮನೆಗೆ ಬಂದು ವಿಚಾರಿಸುವ ಹಿರಿಯರು ಮತ್ತು ಹೆಂಡತಿ. ಗುರುತಿನವರಿಲ್ಲದ, ಭಾಷೆ ಬಾರದ ಊರಿನಲ್ಲಿ ಒಂಟಿತನ ಕಾಡಿದಾಗ ಯಾರ ಬಳಿ ಹೋಗುವಿರಿ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಇನ್ನೆರಡು ವರ್ಷ ಇಲ್ಲೇ, ಕುಡಿತ ಬಿಡಲು ಹೆಣಗುತ್ತಿರುವ ಗಂಡಸರ ನಡುವೆ ಸೇವೆ ಮಾಡುತ್ತ, ತಮ್ಮ ಸ್ಥಿರತೆಯನ್ನು ತಾವೇ ನೋಡಿಕೊಳ್ಳಲು ಸೂಚಿಸಿದೆ. ಬೈಬಲ್ಲಿನಲ್ಲಿ ಅಂತಿಯೋಕ್ಯ ಪಟ್ಟಣದ ಸಭೆ ಉಪವಾಸವಿದ್ದು ಪ್ರಾರ್ಥಿಸಿ ಬಾರ್ನಬ ಮತ್ತು ಸೌಲರನ್ನು (ಸೌಲನೆಂದರೆ ಪೌಲನೇ) ಸೇವೆಗೆ ಕಳುಹಿಸಿದಂತೆ, ತಮ್ಮನ್ನು ಬಲ್ಲ ಸಭೆಯೇ ತಮ್ಮನ್ನು ಕಳುಹಿಸಲಿ ಎಂಬ ಮಾತನ್ನು ಅವರು ಒಪ್ಪಿಕೊಂಡರು.

ಪ್ರವಾಸಿ ವೀಸಾದಲ್ಲಿ ಹೋಗಿ ಬೋಧಿಸುವುದು ಅನೇಕ ದೇಶಗಳಲ್ಲಿ ಕಾನೂನುಬಾಹಿರವೆಂದೂ, ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ನೇಮಕಾತಿ ಏಜೆಂಟರು ಉದ್ಯೋಗಕ್ಕೆ ಹೋಗುವವರಿಂದ ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲವೆಂದೂ ತಿಳಿಸಿ, ಮಧ್ಯವರ್ತಿಗೆ ಹಣ ಕೊಡಬೇಡಿರೆಂದು ನೇರವಾಗಿಯೇ ಹೇಳಿದೆ. ಹೆಂಡತಿಗೆ, ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿಯನ್ನು ಸರಿಪಡಿಸಿಕೊಂಡು, ಹೋಗಬಯಸುವ ದೇಶದ ನರ್ಸಿಂಗ್ ಮಂಡಳಿಯ ನಿಯಮಗಳನ್ನು ವಿಚಾರಿಸಲು ಹೇಳಿದೆ.

ಸೈಟು ಮಾರಾಟ ಸದ್ಯಕ್ಕೆ ನಿಂತಿದೆ. ದಂಪತಿ ತಮ್ಮ ಸಭೆಯ ಅಯ್ಯನವರ (ಪಾಸ್ಟರ್) ಮುಂದೆ ಈಗ ಒಟ್ಟಿಗೆ ಕುಳಿತು ಮಾತನಾಡುತ್ತಿದ್ದಾರೆ. ತಾಯಿಯನ್ನು ನೋಡಿಕೊಳ್ಳುವವರು ಯಾರು ಎಂಬುದು ಇತ್ಯರ್ಥವಾಗದ ಕಾರಣ, ಮುಂದಿನ ಭೇಟಿಗೆ ಗಂಡನ ಅಕ್ಕನನ್ನೂ, ಸಾಧ್ಯವಾದರೆ ತಾಯಿಯನ್ನೂ ಕರೆತರಲು ಹೇಳಿದ್ದೇನೆ.