ಹತ್ತು ಪರ್ಸೆಂಟ್ ಒಳಗೆ ಬಂದರೆ ಸಾಕಾ?

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಎಂ.ಎ. ಡಿಸರ್ಟೇಶನ್ ಇಂಗ್ಲಿಷಿನಲ್ಲಿ ಬರೆಯಬೇಕು. ಪುಸ್ತಕದ ಪ್ಯಾರಾಗಳನ್ನು ಕ್ವಿಲ್‌ಬಾಟ್ ಎಂಬ, ವಾಕ್ಯಗಳ ಪದ ಬದಲಿಸಿಕೊಡುವ ಆನ್‌ಲೈನ್ ಟೂಲ್‌ಗೆ ಹಾಕಿ ಬದಲಾಯಿಸಿದೆ. ಬೇರೆ ಬರಹಗಳ ಜೊತೆಗಿನ ಹೋಲಿಕೆಯನ್ನು ಅಳೆಯುವ ಸಾಫ್ಟ್‌ವೇರ್‌ನಲ್ಲಿ ಸಿಮಿಲಾರಿಟಿ 8% ಬಂದಿದೆ. ತೊಂದರೆ ಇಲ್ಲ ಅಲ್ವಾ ಮೇಡಂ?

ಉತ್ತರ: ತೊಂದರೆ ಇದೆ. ಎಲ್ಲರೂ ಪರ್ಸೆಂಟ್ ಕೇಳುತ್ತೀರಿ, ಹೇಗೆ ಬರೆಯಬೇಕೆಂದು ಯಾರೂ ಕೇಳುವುದಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ 10%ವರೆಗಿನ ಹೋಲಿಕೆಗೆ ದಂಡನೆ ಇಲ್ಲ, ನಿಜ. ಆದರೆ ಇನ್ನೊಬ್ಬರ ಕೆಲಸವನ್ನೋ ವಿಚಾರವನ್ನೋ ತನ್ನದೆಂದು ತೋರಿಸುವುದೇ ಕೃತಿಚೌರ್ಯ (ಪ್ಲೇಜರಿಸಂ) ಎಂದು ಅದೇ ನಿಯಮ ಹೇಳುತ್ತದೆ. ನೀವು ಬದಲಾಯಿಸಿದ್ದು ಪದ ಮಾತ್ರ. ವಿಚಾರ ಅವರದೇ, ಅವರ ಹೆಸರಂತೂ ಇಲ್ಲ.

ಇಂಥ ಟೂಲ್‌ಗಳು ಅರ್ಥವನ್ನೂ ಕೆಡಿಸುತ್ತವೆ. ಪ್ರಕಟವಾದ ಸಂಶೋಧನಾ ಲೇಖನಗಳಲ್ಲೇ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಹೋಗಿ 'ಕೌಂಟರ್‌ಫೀಟ್ ಕಾನ್ಷಸ್‌ನೆಸ್' (ಅಂದರೆ ನಕಲಿ ಪ್ರಜ್ಞೆ) ಆಗಿದ್ದನ್ನು 2021ರಲ್ಲಿ ಸಂಶೋಧಕರು ಪತ್ತೆ ಹಚ್ಚಿದರು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಿಮ್ಮದೇ ವಾಕ್ಯದ ಅರ್ಥ ಕೇಳಿದರೆ ಏನು ಹೇಳುತ್ತೀರಿ?

ಹೀಗೆ ಮಾಡಿ. ಪ್ಯಾರಾ ಓದಿ, ಪುಸ್ತಕ ಮುಚ್ಚಿ. ತಿಳಿದದ್ದನ್ನು ಕನ್ನಡದಲ್ಲೇ ಎರಡು ಸಾಲು ಬರೆಯಿರಿ, ಪಕ್ಕದಲ್ಲಿ ಲೇಖಕರ ಹೆಸರು, ಪುಟಸಂಖ್ಯೆ ಹಾಕಿ. ಕನ್ನಡದಲ್ಲೂ ಬರೆಯಲು ಆಗಲಿಲ್ಲವೇ? ಹಾಗಾದರೆ ವಿಷಯವೇ ಅರ್ಥವಾಗಿಲ್ಲ, ಇಂಗ್ಲಿಷನ್ನು ಸುಮ್ನೆ ದೂರಬೇಡಿ. ಆಮೇಲೆ ನಿಮಗೆ ಬರುವ ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯಗಳಲ್ಲಿ ಬರೆದು ಮೂಲದ ಜೊತೆ ಹೋಲಿಸಿ. 'ದಿಸ್ ಸ್ಟಡಿ ಎಕ್ಸಾಮಿನ್ಸ್' ಥರದ ವಾಕ್ಯದ ಚೌಕಟ್ಟು ಯಾರ ಸ್ವತ್ತೂ ಅಲ್ಲ, ಧೈರ್ಯವಾಗಿ ಬಳಸಿ. ಅನುಮಾನ ಬಂದ ಕಡೆಯೆಲ್ಲ ಮೂಲ ಹೇಳಿಬಿಡಿ. ವ್ಯಾಕರಣದ ತಪ್ಪನ್ನು ನಾನು ಕೂತು ತಿದ್ದಿಕೊಡುತ್ತೇನೆ. ಕದ್ದ ಪ್ಯಾರಾವನ್ನು ಹೇಗೆ ತಿದ್ದಲಿ?

ಪ್ರಶ್ನೆ: ಅಸೈನ್‌ಮೆಂಟ್‌ಗೆ ಈ ನಿಯಮ ಇಲ್ಲವಂತೆ?

ಉತ್ತರ: ನಿಜ, ಅಸೈನ್‌ಮೆಂಟ್‌ಗೆ ಅದು ಅನ್ವಯಿಸುವುದಿಲ್ಲ. ಆದರೂ ಕಾಪಿ ಮಾಡಬೇಡಿ. ಬರೆಯಲು ಕಲಿಯುವುದೇ ಅಲ್ಲಿ.

ಪ್ರಶ್ನೆ: ಕನ್ನಡ ಪುಸ್ತಕವನ್ನು ಇಂಗ್ಲಿಷಿಗೆ ಅನುವಾದಿಸಿದರೆ ಸಾಫ್ಟ್‌ವೇರ್‌ಗೆ ಸಿಗುವುದಿಲ್ಲ ಅಲ್ವಾ?

ಉತ್ತರ: ಸಿಗದಿದ್ದರೂ ಅದು ಕಳ್ಳತನವೇ. ಲೇಖಕರ ಹೆಸರು ಹಾಕಿ.

ಪ್ರಶ್ನೆ: 'ಝೀರೋ ಪ್ಲೇಜರಿಸಂ ಗ್ಯಾರಂಟಿ' ಅಂತ ಥೀಸಿಸ್ ಬರೆದುಕೊಡುವವರಿದ್ದಾರೆ. ನಂಬಬಹುದಾ?

ಉತ್ತರ: ದುಡ್ಡು ಕೊಟ್ಟು ಬರೆಸುವುದೇ ಮೋಸ. ಅದೇ ಅಧ್ಯಾಯವನ್ನು ಇನ್ನೊಬ್ಬರಿಗೆ ಮಾರುವುದಿಲ್ಲ ಅಂತ ಏನು ಖಾತ್ರಿ? ಅಂಥವರ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ನಾನೇ ಬರೆದದ್ದನ್ನು ಎಐ ಬರಹ ಎಂದು ಟೂಲ್ ತೋರಿಸುತ್ತಿದೆ.

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಾವೇ ಬರೆದ ಪ್ರಬಂಧಗಳನ್ನು ಇಂಥ ಟೂಲ್‌ಗಳಿಗೆ ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಎಐ ಬರಹವೆಂದು ತಪ್ಪಾಗಿ ಗುರುತಿಸಿದವು. ಸರಳ ಪದಗಳ ಇಂಗ್ಲಿಷ್ ಕಂಡರೆ ಅವು ಎಡವುತ್ತವೆ. ಕೈಬರಹದ ನೋಟ್ಸ್, ಹಳೆಯ ಡ್ರಾಫ್ಟ್‌ಗಳನ್ನು ತೆಗೆದುಕೊಂಡು ನಿಮ್ಮ ಗೈಡ್ ಹತ್ತಿರ ಹೋಗಿ. ಟೂಲ್ ಕೊಟ್ಟ ಅಂಕಿಯೊಂದೇ ಸಾಕ್ಷಿ ಅಂದರೆ ಒಪ್ಪಬೇಡಿ.